ಬೆಲೆಚೀಟಿ ಕೀಳುವವಳು

ವರ್ಷದ ಕೊನೆಯ ರಜೆಗೆ ಮುಂಚೆ ಅಂಗಡಿಯವರು ಕೆಲಸದವರಿಗೆ ಬೋನಸ್ಸನ್ನು ದುಡ್ಡಿನಲ್ಲಿ ಕೊಡಲಿಲ್ಲ, ಕೂಪನ್ನಿನಲ್ಲಿ ಕೊಟ್ಟರು. ಕೂಪನ್ ಅದೇ ಅಂಗಡಿಯಲ್ಲಿ, ಅದರ ಎರಡರಷ್ಟು ಬೆಲೆಯ ಸಾಮಾನು ಕೊಂಡರೆ ಮಾತ್ರ ನಡೆಯುತ್ತಿತ್ತು. ಮಿಕ್ಕದ್ದನ್ನು ಸಂಬಳದಲ್ಲಿ ಕಂತುಕಂತಾಗಿ ಮುರಿದುಕೊಳ್ಳುತ್ತಿದ್ದರು.

ಉಡುಗೊರೆ ಕಟ್ಟುವ ಮೇಜಿನ ಹೆಂಗಸಿಗೆ ಇದು ಹೊಸದಲ್ಲ. ಹೋದ ರಜೆಗೆ ಅಕ್ಕನ ಮನೆಗೆ ಒಯ್ದ ಮಿಕ್ಸಿಯ ಕಂತು ತೀರಿದ್ದು ಮೊನ್ನೆ ಮೊನ್ನೆ. ಅಲ್ಲಿಯವರೆಗೆ ಬಸ್ಸು ಬಿಟ್ಟು ನಡೆದಿದ್ದಳು. ಕನ್ನಡಕದ ಮುರಿದ ಕಡ್ಡಿಗೆ ಉಡುಗೊರೆಯ ಟೇಪನ್ನೇ ಸುತ್ತಿಕೊಂಡಿದ್ದಳು. ಈ ಸಲ ಸಾಲದ ತಂಟೆಯೇ ಬೇಡವೆಂದು ಮನಸ್ಸು ಗಟ್ಟಿ ಮಾಡಿ, ಅಕ್ಕನ ಮಕ್ಕಳಿಗೆಂದು, ಕತ್ತರಿಸಿ ಉಳಿದ ಬಣ್ಣದ ಹಾಳೆಗಳಲ್ಲಿ ಹಕ್ಕಿಗಳನ್ನು ಮಡಚಿಟ್ಟಿದ್ದಳು.

ಅವಳ ಕೆಲಸ ಶುರುವಾಗುವುದೇ ಬೆಲೆಚೀಟಿ ಕೀಳುವುದರಿಂದ. ಉಗುರಿನಲ್ಲಿ ಕೆರೆದರೆ ಅಂಟು ಉಳಿಯುತ್ತದೆ. ಬಿಸಿಗಾಳಿ ತಾಗಿಸಿ, ಮೂಲೆಯಿಂದ ಮೆಲ್ಲಗೆ ಎಬ್ಬಿಸಬೇಕು. ಕೊಟ್ಟವರ ಸಂಕಟ ಪಡೆದವರ ಕಣ್ಣಿಗೆ ಬೀಳಬಾರದು. ಆ ವಿದ್ಯೆ ಇಷ್ಟೇ.

ಊಟದ ಬಿಡುವಿನಲ್ಲಿ ಅಕ್ಕನ ಫೋನು ಬಂತು.

"ಯಾವಾಗ ಬರ್ತೀಯೇ?"

"ರಜೆ ಶುರುವಾದ ದಿನವೇ. ಆದ್ರೆ ಅಕ್ಕ, ಈ ಸಲ ಕೈ ತುಂಬ ಬಿಗಿ. ಮಕ್ಕಳಿಗೆ ಕಾಗದದ ಹಕ್ಕಿ ಮಾಡಿದೀನಿ. ಬಾಲ ಎಳೆದ್ರೆ ರೆಕ್ಕೆ ಆಡಿಸತ್ತೆ."

"ಹಕ್ಕೀನಾ? ಸರಿಹೋಯ್ತು. ನಿಮ್ಮ ಭಾವನ ತಂಗಿ ಸೈಕಲ್ ತರ್ತಾಳಂತೆ. ನೀನು ಕೈಬೀಸ್ಕೊಂಡು ಬಂದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ?"

"ನಾನು ಬಂದ್ರೆ ಸಾಲದೇನೇ?"

"ಸಾಲದು ಅಂತ ತಾನೇ ಎಲ್ರೂ ಸಾಲ ಮಾಡೋದು?" ತನ್ನ ಮಾತಿಗೆ ಅಕ್ಕ ತಾನೇ ನಕ್ಕಳು. "ಇನ್ನೊಂದು ಕೇಳು. ಏನೇ ತಂದ್ರೂ ಬೆಲೆಚೀಟಿ ಕೀಳಬೇಡ. ಹೋದ ಸಲ ಕಿತ್ತಿದ್ದೆ ನೋಡು, ನಿಮ್ಮ ಭಾವ ಅದನ್ನ ಅಗ್ಗದ ಮಾಲು ಅಂದ್ಕೊಂಡ್ರು."

ಫೋನಿಟ್ಟ ಮೇಲೆ ಅರ್ಧ ಉಂಡ ಡಬ್ಬಿಯ ಮುಚ್ಚಳ ಹಾಕಿದಳು. ಅಷ್ಟು ನಾಜೂಕಾಗಿ ಕಿತ್ತದ್ದು ಅವಳೇ. ಒಂದು ವರ್ಷದ ನಡಿಗೆಯನ್ನು ತಾನೇ ಬಿಸಿಗಾಳಿಯಲ್ಲಿ ಅಳಿಸಿಹಾಕಿದ್ದಳು.

ಹೋಗದಿದ್ದರೆ ಉಳಿಯುವುದು ಬಾಡಿಗೆ ಕೋಣೆ. ಪಕ್ಕದ ಮನೆಯ ಟೀವಿಯ ತಮಾಷೆಗೆ ಗೋಡೆಯ ಈಚೆ ಕೂತು ಅವಳೂ ನಗುತ್ತಾಳೆ. ರಜೆಯಲ್ಲಿ ಅವರೂ ಬೀಗ ಹಾಕಿ ಹೊರಡುತ್ತಾರೆ. ವರ್ಷಕ್ಕೊಮ್ಮೆ ಅವಳನ್ನು ಚಿಕ್ಕಮ್ಮ ಎಂದು ಕರೆಯುವ ಬಾಯಿಗಳಿರುವುದು ಅಕ್ಕನ ಮನೆಯಲ್ಲಿ ಮಾತ್ರ.

ಮಧ್ಯಾಹ್ನ ಮೇಲ್ವಿಚಾರಕ ಮೊಬೈಲು ಹಿಡಿದು ಬಂದ. ಅಂಗಡಿಯಲ್ಲಿ ಎಲ್ಲರ ಹಾಗೆ ಅವನೂ ಅವಳನ್ನು ಕರೆಯುವುದು ರಿಬ್ಬನ್ನಮ್ಮ ಎಂದೇ.

"ರಿಬ್ಬನ್ನಮ್ಮ, ಎಲ್ರದ್ದೂ ಆಯ್ತು, ನಿಮ್ಮದೊಂದೇ ಬಾಕಿ. ಮಕ್ಕಳ ಸೈಕಲ್ ಒಂದು ನಿಮಗೇ ಅಂತ ಎತ್ತಿಟ್ಟಿದೀನಿ. ಇಲ್ಲಿ ಬೆರಳು ಒತ್ತಿ, ಕಂತು ತಾನಾಗೇ ಕಟ್ ಆಗತ್ತೆ."

"ಬೇಡ ಸರ್."

"ಕೂಪನ್ ದಂಡ ಆಗತ್ತಲ್ರೀ. ಪುಕ್ಕಟೆ ಸಿಗೋದನ್ನ ಯಾರಾದ್ರೂ ಬಿಡ್ತಾರಾ?"

"ಪುಕ್ಕಟೆ ಆದ್ರೆ ಸಂಬಳ ಯಾಕೆ ಮುರೀತೀರಿ?"

ಬಿಲ್ಲು ಹಾಕುವವಳು ಬಾಯಿಗೆ ಕೈ ಅಡ್ಡ ಹಿಡಿದಳು. ಮೇಲ್ವಿಚಾರಕ ದನಿ ತಗ್ಗಿಸಿದ. "ರಜೆಗೆ ಅಕ್ಕನ ಮನೆಗೆ ಹೋಗ್ತೀರಲ್ಲ? ಬರಿಗೈಲಿ ಹ್ಯಾಗೆ ಹೋಗ್ತೀರಿ?"

"ಹೋಗಲ್ಲ."

ಮಾತು ಹೊರಬಿದ್ದ ಮೇಲೆಯೇ ಅದು ಅವಳಿಗೂ ತಿಳಿದದ್ದು. ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟಳು. ಕಣ್ಣು ಮಂಜಾಯಿತು, ಒರೆಸಿಕೊಳ್ಳಲಿಲ್ಲ.

"ನೋಡ್ರೀ, ಒಬ್ರನ್ನೂ ಬಿಡಬೇಡಿ ಅಂತ ಮಾಲೀಕರ ಆರ್ಡರು. ಅವರಿಗೆ ನಾನೇನು ಹೇಳಲಿ? ಒತ್ತಿ, ಒಂದು ಕ್ಷಣದ ಕೆಲಸ."

"ಒತ್ತಲ್ಲ ಅಂದಳು ಅಂತ ಹೇಳಿ."