ತೋಳು ಕಳೆದುಕೊಂಡ ಕುರ್ಚಿ

“ಇದರ ಎರಡೂ ಕೈ ಕೊಯ್ಸಿಬಿಡ್ರಿ,” ಅಂದರು ಡಾಕ್ಟರು. ಅವರು ಹೇಳಿದ್ದು ನನ್ನ ಕೈಗಳ ಮಾತು.

ನಾನು ಒಂದು ತೇಗದ ಕುರ್ಚಿ. ದಾಂಡೇಲಿಯ ಮರ, ಹುಬ್ಬಳ್ಳಿಯ ಬಡಿಗನ ಉಳಿ. ಮೊದಲು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರೊಬ್ಬರನ್ನು ಹೊತ್ತೆ; ಅವರು ನಿವೃತ್ತರಾದ ಮೇಲೆ ಹೊಳೆದಂಡೆಯ ಈ ಅಗ್ನಿಶಾಮಕ ಠಾಣೆಗೆ ಬಂದೆ. ಇಲ್ಲಿ ಯಾರೂ ಪೂರ್ತಿ ಕೂರುವುದಿಲ್ಲ, ಒಂದು ಕಿವಿ ಗಂಟೆಯ ಕಡೆಗೇ ಇರುತ್ತದೆ. ಮುಖಕ್ಕಿಂತ ಭಾರದಿಂದಲೇ ನಾನು ಜನರನ್ನು ಗುರುತಿಸುವುದು.

ಗದಿಗೆಪ್ಪನನ್ನೂ ಹಾಗೆಯೇ ಬಲ್ಲೆ. ಪ್ರವಾಹ ಬಂದಾಗಲೆಲ್ಲ ಬೋಟಿನ ಮುಂದೆ ನಿಂತು ಮುಳುಗುವವರನ್ನು ಎತ್ತಿದವನು. ಈಗ ಐವತ್ತಾರು. ಎರಡು ವರ್ಷದಿಂದ ಏಳುವಾಗ ನನ್ನ ಎಡಗೈ ಒತ್ತುತ್ತಿದ್ದ. ಮೊದಲು ಬೆರಳು, ಆಮೇಲೆ ಅಂಗೈ, ಈಚೆಗೆ ಇಡೀ ಮೈಭಾರ. ಯಾರಿಗೆ ಹೇಳಲಿ ನಾನು?

ಈ ಸಲ ಮಳೆಗಾಲಕ್ಕೆ ಮೊದಲು, ವಯಸ್ಸು ಯಾರ ಮೈಯಲ್ಲಿ ಎಷ್ಟು ಇಳಿದಿದೆ ಎಂದು ಅಳೆಯುವ ಪರೀಕ್ಷೆ ಬಂತು. ಕೈ ಊರದೆ ಐದು ಸಲ ಎದ್ದು ಕೂರಬೇಕು, ಹದಿನೈದು ಸೆಕೆಂಡಿನೊಳಗೆ. ಆಗದಿದ್ದರೆ ಬೋಟು ಬಿಟ್ಟು ಠಾಣೆಯ ಫೋನಿನ ಮುಂದೆ ಕೂರುವ ಕೆಲಸ. ಅದಕ್ಕೇ ನನಗೆ ಗರಗಸ. ಉರಿಯಿತು, ನಿಜ, ಆದರೆ ಗದಿಗೆಪ್ಪ ಇನ್ನು ಏನನ್ನು ಹಿಡಿದು ಏಳುತ್ತಾನೆ ಎಂಬ ಚಿಂತೆಯೇ ಹೆಚ್ಚು ಸುಟ್ಟಿತು.

ಪರೀಕ್ಷೆಯ ಬೆಳಿಗ್ಗೆ ಅವನ ಜೊತೆಗಾರ, ನಲವತ್ತರ ಮೌಲಾಸಾಬ, ಮೆಲ್ಲಗೆ ನನ್ನ ನಾಲ್ಕೂ ಕಾಲಿನ ಕೆಳಗೆ ಹಲಗೆ ತುಂಡು ಇಟ್ಟ. ಎತ್ತರದ ಕುರ್ಚಿಯಿಂದ ಏಳುವುದು ಸಲೀಸು. ಗದಿಗೆಪ್ಪ ಬಂದು ಕೂತ. ಕೂತವನೇ ಬಗ್ಗಿ ನೋಡಿದ.

“ಯಾವ ಶ್ಯಾಣ್ಯಾನ ಕೆಲಸಲೇ ಇದು?”

“ನಂದ ಕಾಕಾ. ನಾಕ ಬೆರಳ ಎತ್ತರಕ್ಕ ಮುಗಿಲೇನ್ ಹರಕೊಂಡ ಬೀಳತೈತಿ? ಸುಮ್ಮನ ಕುಂದರ್ರಿ.”

“ನಾಳೆ ಬೋಟಿನ್ಯಾಗ ನನ್ನ ಮಂಡಿ ಹಿಡಕೊಂಡ್ರ, ಕೈ ಚಾಚಿದಾವ್ರನ್ನ ನಿನ್ನ ಹಲಗಿ ಎತ್ತತೈತೇನು?”

ಹಲಗೆಗಳನ್ನು ತಾನೇ ಒದ್ದು ತೆಗೆದ. ಡಾಕ್ಟರು ಗಡಿಯಾರ ಒತ್ತಿದರು.

ಮೂರು ಸಲ ಸರಾಗ. ನಾಲ್ಕರಲ್ಲಿ ತೊಡೆ ನಡುಗಿತು, ಆ ನಡುಕ ನನಗೂ ಇಳಿಯಿತು. ಐದನೆಯ ಸಲ ಅವನ ಎಡಗೈ ತಾನಾಗಿ ಕೆಳಗಿಳಿದು ನನ್ನ ತೋಳನ್ನು ಹುಡುಕಿತು. ಅಲ್ಲಿ ಬರೀ ಗಾಳಿ. ಒಂದೇ ಒಂದು ಕೈ ಇದ್ದಿದ್ದರೆ ಎಂದು ಜೀವ ಒದ್ದಾಡಿತು. ಅವನು ಎದ್ದ, ಎದ್ದೇ ಎದ್ದ.

“ಹತ್ತೊಂಬತ್ತು ಸೆಕೆಂಡು,” ಅಂದರು ಡಾಕ್ಟರು, ತಲೆ ಎತ್ತದೆ.

ಈಗ ಫೋನಿನ ಮುಂದೆ ನಾವಿಬ್ಬರೂ, ಒಬ್ಬರ ಕಿರುಗುಟ್ಟುವಿಕೆ ಒಬ್ಬರು ಕೇಳುತ್ತ. ಬೋಟಿನ ಮುಂದೆ ಮೌಲಾಸಾಬ. ನಿನ್ನೆ ಅವನು ಬೂಟಿನ ಲೇಸು ಕಟ್ಟಲು ಬಂದಾಗ ಗದಿಗೆಪ್ಪ ಎದ್ದು ಜಾಗ ಬಿಟ್ಟ.

“ಹೊಳಿ ಏರಾಕತ್ತೈತಿ. ಹುಷಾರಲೇ ಮೌಲಾ.”

“ನೀವ್ ಫೋನ್ ನೋಡಕೋರಿ ಕಾಕಾ, ನೀರ ನಾ ನೋಡಕೋತೀನಿ.”

ಗಂಟೆ ಬಡಿಯಿತು. ಮೌಲಾಸಾಬ ನೆಗೆದೆದ್ದ. ಏಳುವಾಗ ಅವನ ಅಂಗೈ, ಒಂದೇ ಕ್ಷಣ, ತನ್ನ ಮಂಡಿಯನ್ನು ಒತ್ತಿತು. ಗದಿಗೆಪ್ಪ ಅದನ್ನು ಕಂಡ. ಬಾಯಿ ತೆರೆಯುವಷ್ಟರಲ್ಲಿ ಗಾಡಿ ಗೇಟು ದಾಟಿತ್ತು.