ಮುಟ್ಟದೆ ಕಾವು ಹೇಳುವ ಗನ್ನು

ಗುರುಬಸವರಾಜ ಬಾಯಿ ತೆರೆದರೆ ಕೊಟ್ಟೂರಿನ ಸಂತೆಯೂ ಸಪ್ಪೆ. ಹಂದಿಜ್ವರದ ಆ ವರ್ಷ ಅವನು ಎರಡು ಬಗೆಯ ಗನ್ನು ಮಾರುತ್ತಿದ್ದ. ಬಿಳಿಯದು ಹಗರಿಬೊಮ್ಮನಹಳ್ಳಿ, ಹಡಗಲಿಯ ಡಾಕ್ಟರುಗಳಿಗೆ. ಹಣೆಯ ನೇರಕ್ಕೆ ಹಿಡಿದು ಗುಂಡಿ ಒತ್ತಿದರೆ ಮೈ ಮುಟ್ಟದೆ ಜ್ವರ ತೋರಿಸುತ್ತಿತ್ತು. ಹಳದಿಯದು ಗಿರಣಿಗಳಿಗೆ. ಓಡುವ ಯಂತ್ರ ಎಷ್ಟು ಕಾದಿದೆ ಎಂಬುದನ್ನು ದೂರದಿಂದಲೇ ಹೇಳುತ್ತಿತ್ತು.

"ಕೈ ಇಟ್ಟು ನೋಡೋ ಕಾಲ ಹೋತ್ರಿ. ಕೈ ಸುಳ್ಳು ಹೇಳ್ತೈತಿ, ಗನ್ನು ಹೇಳಂಗಿಲ್ಲ," ಎಂಬುದು ಅವನ ಮಂತ್ರ.

ಆ ಮಂತ್ರಕ್ಕೆ ಮೊದಲು ಮರುಳಾದವರು ಪಾಲಾಕ್ಷಪ್ಪ. ಊರ ಹೊರಗೆ ಅವರದೊಂದು ಹತ್ತಿ ಜಿನ್ನು, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಗಿರಣಿ ಇತ್ತು. ದಿನಾ ಬೆಳಿಗ್ಗೆ ಯಂತ್ರಗಳ ಬೇರಿಂಗಿನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದ ಮನುಷ್ಯ, ಗನ್ನು ಬಂದದ್ದೇ ತಡ ಮುಟ್ಟುವುದನ್ನೇ ಬಿಟ್ಟರು. ಬೇಕೆಂದಾಗ ಚಹಾದ ಲೋಟಕ್ಕೂ ಹಿಡಿದು ನೋಡುತ್ತಿದ್ದರು. ದೊಡ್ಡವರಿಗೆ ಆಟಿಕೆ ಕೊಟ್ಟರೆ ಹೀಗೇ.

ಆಯುಧಪೂಜೆ ಮುಗಿದು ಜಿನ್ನು ಮತ್ತೆ ಶುರುವಾದ ದಿನ ಗುರುಬಸವರಾಜ ಹರಪನಹಳ್ಳಿ ಕಡೆಯ ಇಬ್ಬರು ಗಿರಣಿ ಮಾಲೀಕರನ್ನು ಅಲ್ಲಿಗೆ ಕರೆತಂದ. ಅವರಿಬ್ಬರು ಹೂಂ ಅಂದರೆ ಆ ಕಡೆಯ ಗಿರಣಿಗಳೆಲ್ಲ ಅವನ ಪಾಲಿಗೆ ಬಂದಂತೆ. ವರ್ಷವಿಡೀ ಬಸ್ಸು ಹತ್ತಿ ಇಳಿದು ಅವನಿಗೆ ಸಾಕಾಗಿತ್ತು.

ಸಾಲಿನ ಕೊನೆಯ ಯಂತ್ರದ ಆಚೆ ಹತ್ತಿಯ ರಾಶಿ. ರಾಶಿಯ ನಡುವೆ ಪಕ್ಕೀರಮ್ಮ ಮತ್ತವಳ ಜೊತೆಯ ಹೆಂಗಸರು ಕಸ ಆರಿಸುತ್ತ ಕೂತಿದ್ದರು. ಅಲ್ಲಿಂದ ಹೊರಬರಲು ಇದ್ದದ್ದು ಒಂದೇ ದಾರಿ, ಅದೂ ಆ ಯಂತ್ರದ ಮಗ್ಗುಲಲ್ಲೇ.

"ಸಾವ್ಕಾರ್ರ, ಏನೋ ಸುಟ್ಟ ಕಮಟು ನಾತ ಬರಾಕತ್ತೈತ್ರಿ!" ಪಕ್ಕೀರಮ್ಮ ಯಂತ್ರದ ಸದ್ದನ್ನು ಮೀರಿ ಕೂಗಿದಳು.

ಪಾಲಾಕ್ಷಪ್ಪನವರಿಗೆ ಅದೇ ಬೇಕಾಗಿತ್ತು. ಜೇಬಿನಿಂದ ಗನ್ನು ತೆಗೆದು ಬೇರಿಂಗಿನ ಕಡೆ ಹಿಡಿದರು. "ನಲವತ್ತೊಂದು! ಬಿಸಲಿಗೆ ಕುಂತ್ರ ನಿನ್ನ ತಲಿ ಇದಕ್ಕಿಂತ ಕಾಯ್ತೈತಿ. ಸುಮ್ನ ಕೆಲಸ ಮಾಡಬೇ. ಕರೆಂಟ್ ಹೋಗೋದ್ರೊಳಗ ಇದು ಮುಗೀಬೇಕು."

ಅತಿಥಿಗಳು ನಕ್ಕರು. "ಚಲೋ ಐತಲ್ರೀ," ಎಂದ ಅವರಲ್ಲೊಬ್ಬ. "ನಮಗೂ ಬೇಕಿದು."

ಗುರುಬಸವರಾಜನೂ ನಗಲು ಹೋದ. ಆಗಲೇ ಅವನ ಮೂಗಿಗೂ ಗ್ರೀಸು ಸುಟ್ಟ ವಾಸನೆ ಬಡಿಯಿತು. ಕಣ್ಣು ತಾನಾಗಿ ಗನ್ನಿನ ಕಡೆ ಹೊರಳಿತು. ಅದರ ಬೆನ್ನಿಗೆ ಮೂರೆಳೆ ವಿಭೂತಿ. ಅದಿರಲಿ, ಮುಂದುಗಡೆ ಪುಟ್ಟ ಗಾಜಿನ ಮೇಲೆ, ನಟ್ಟನಡುವೆ, ಎಣ್ಣೆಯಲ್ಲಿ ಕಲಸಿದ ಕುಂಕುಮದ ದಪ್ಪ ಬೊಟ್ಟು.

ಆಯುಧಪೂಜೆಯಲ್ಲಿ ತಕ್ಕಡಿ, ಟ್ರ್ಯಾಕ್ಟರು, ಯಂತ್ರಗಳ ಜೊತೆ ಗನ್ನಿಗೂ ಪೂಜೆಯಾಗಿತ್ತು. "ಕಣ್ಣಿಗೂ ಒಂದು ಬೊಟ್ಟು ಇಡ್ರಿ," ಎಂದು ಅವತ್ತು ನಗೆಯಾಡಿದ್ದವನು ಇವನೇ. ಪೂಜೆಯ ಬೊಟ್ಟನ್ನು ಯಾರಾದರೂ ಒರೆಸುತ್ತಾರೆಯೇ? ತಾನಾಗಿ ಉದುರುವ ತನಕ ಇರಬೇಕು. ಆದರೆ ಕಾವನ್ನು ಕಾಣುವುದು ಆ ಗಾಜು. ಗಾಜು ಮುಚ್ಚಿದ ಮೇಲೆ ಗನ್ನು ಹೇಳುತ್ತಿದ್ದದ್ದು ಬೇರಿಂಗಿನ ಕಾವಲ್ಲ, ಕುಂಕುಮದ ಕಾವು.

ಹೇಳಬೇಕು. ಹೇಳಿದರೆ ಬಂದವರು ಹಾಗೇ ಕಾರು ಹತ್ತುತ್ತಾರೆ. ಬೇಡದ ಕಡೆಯೆಲ್ಲ ಹರಿಯುವ ಆ ಹಾಳು ಬಾಯಿ ಈಗ ಹೊಲಿದಂತಿತ್ತು. ಅವರು ಹೊರಗೆ ಹೋಗಿಬಿಡಲಿ, ಆಮೇಲೆ ಸಾವ್ಕಾರರ ಕಿವಿಯಲ್ಲಿ ಹೇಳಿದರಾಯಿತು ಅಂದುಕೊಂಡ. ಅತಿಥಿಗಳು ಒಬ್ಬರಾದ ಮೇಲೊಬ್ಬರು ಗನ್ನು ಹಿಡಿದು ನೋಡಿದರು. ಗೋಡೆಗೆ ಹಿಡಿದರು, ಬಾಗಿಲಿಗೆ ಹಿಡಿದರು. ರಾಶಿಯ ಆಚೆಯಿಂದ ಪಕ್ಕೀರಮ್ಮ ಸೆರಗು ಮೂಗಿಗೆ ಹಿಡಿದು ಇವನನ್ನೇ ನೋಡುತ್ತಿದ್ದಳು.

ಬೇರಿಂಗಿನ ಮುಚ್ಚಳದ ಸಂದಿಯಿಂದ ಸಣ್ಣ ಎಳೆ ಹೊಗೆ ಎದ್ದಿತು. ಸುತ್ತಲೂ ಮೊಣಕಾಲೆತ್ತರ ಅರಳೆ.

"ಮಿಷನ್ ನಿಲ್ಲಸ್ರೀ!" ಗುರುಬಸವರಾಜ ಕೊನೆಗೂ ಚೀರಿದ. "ಗನ್ನು ತಪ್ಪು ಹೇಳಾಕತ್ತೈತಿ!"

"ಏನಂದಿ?" ಪಾಲಾಕ್ಷಪ್ಪ ಹುಬ್ಬೇರಿಸಿದರು. "ಕೈ ಸುಳ್ಳು, ಗನ್ನು ಖರೆ ಅಂತ ನೀನ ಹೇಳಿಲ್ಲೇನು?"

"ಹೊಗಿ ನೋಡ್ರಿ ಅಲ್ಲಿ!"

"ಹತ್ತಿ ಧೂಳದು. ಜಿನ್ನಿನ್ಯಾಗ ಧೂಳ ಇರದ ಮಲ್ಲಿಗಿ ಇರ್ತೈತೇನು?"

ಗುರುಬಸವರಾಜ ಗನ್ನು ಕಿತ್ತುಕೊಂಡು ಅಂಗಿಯ ತುದಿಯಿಂದ ಗಾಜು ಉಜ್ಜಿದ. "ಪೂಜಿ ಮಾಡಿದ್ದನ್ನ ಒರಸ್ತೀಯೇನಲೇ?" ಎಂದು ಪಾಲಾಕ್ಷಪ್ಪ ರೇಗಿದರು. ಒರೆಸಿದ್ದೂ ದಂಡವಾಯಿತು. ಎಣ್ಣೆ ಗಾಜಿಗೆಲ್ಲ ಮೆತ್ತಿಕೊಂಡಿತು. ಗುಂಡಿ ಒತ್ತಿದರೆ ಮೂವತ್ತೆಂಟು. ಅತಿಥಿಗಳು ಗೊಳ್ಳೆಂದರು.

ಇನ್ನು ಮಾತಿನಿಂದ ಆಗುವುದು ಏನೂ ಇರಲಿಲ್ಲ. ಅವನು ಮುಂದೆ ನುಗ್ಗಿ ಬಲ ಅಂಗೈಯನ್ನು ಬೇರಿಂಗಿನ ಮುಚ್ಚಳದ ಮೇಲೆ ಊರಿದ. ಹೆಂಚಿಗೆ ನೀರು ಚಿಮುಕಿಸಿದಂತೆ ಚುಂಯ್ ಎಂದಿತು. ಕೈ ಕಿತ್ತಾಗ ಚರ್ಮದ ಒಂದು ತುಂಡು ಕಬ್ಬಿಣದ ಮೇಲೇ ಉಳಿಯಿತು. ಆ ಅಂಗೈಯನ್ನು ಪಾಲಾಕ್ಷಪ್ಪನವರ ಮುಖಕ್ಕೆ ಹಿಡಿದ.

ಅವರು ಓಡಿಹೋಗಿ ಸ್ವಿಚ್ಚು ಎಳೆದರು.

ಸದ್ದು ಅಡಗಿದ ಮೇಲೆ ಮುಚ್ಚಳ ಬಿಚ್ಚಿದರೆ, ಬೇರಿಂಗಿನ ಸುತ್ತ ಗಿಡಿದ ಅರಳೆ ಒಳಗೊಳಗೇ ಕೆಂಡವಾಗಿತ್ತು. ಮರಳು ಸುರಿದರು, ನೀರು ಹೊಯ್ದರು. ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಹೊರಗೆ ಬಂದರು. ಹರಪನಹಳ್ಳಿಯವರು "ಆಮ್ಯಾಲ ನೋಡಾಣ ತಗಳ್ರಿ" ಎಂದು ಕಾರು ಹತ್ತಿದರು. "ಎಂಥ ಗಂಡಸಲೇ ನೀನು! ನಿನ್ನಿಂದ ಜನ ಉಳೀತು," ಎಂದು ಪಾಲಾಕ್ಷಪ್ಪ ಅವನ ಹೆಗಲು ಹಿಡಿದು ಅತ್ತೇಬಿಟ್ಟರು.

ಗುರುಬಸವರಾಜ ಬೇವಿನ ಗಿಡದ ಕೆಳಗೆ ಕುಸಿದು ಕೂತ. ಪಕ್ಕೀರಮ್ಮ ಕೊಡದಲ್ಲಿ ನೀರು ತಂದು ಅವನ ಅಂಗೈ ಮೇಲೆ ಸಣ್ಣಗೆ ಹೊಯ್ಯತೊಡಗಿದಳು. ಸುತ್ತ ಯಾರೂ ಇಲ್ಲದ್ದನ್ನು ನೋಡಿ ಮೆಲ್ಲಗೆ ಕೇಳಿದಳು.

"ತಮ್ಮಾ, ನಿನಗ ಮೊದಲ ಗೊತ್ತಾಗಿತ್ತು, ಹೌದಿಲ್ಲೋ? ನಾ ನಿನ್ನ ಮಾರಿ ನೋಡಾಕತ್ತಿದ್ದೆ."

ಸುಳ್ಳು ಹೇಳುವುದು ಅವನಿಗೆ ಕಷ್ಟದ ಕೆಲಸವೇನಲ್ಲ. ಆದರೆ ಅವಳ ಕೂದಲಲ್ಲಿ ಇನ್ನೂ ಅರಳೆ ಅಂಟಿಕೊಂಡಿತ್ತು.

"ಹೌದು ಯವ್ವಾ," ಎಂದ.

ಪಕ್ಕೀರಮ್ಮ ನೀರು ಹೊಯ್ಯುವುದನ್ನು ನಿಲ್ಲಿಸಿದಳು. ಕೊಡವನ್ನು ಅವನ ಎಡಗೈಗೆ ಎಟಕುವಂತೆ ಇಟ್ಟಳು.

"ಹೊಯ್ಕೋ," ಎಂದು, ಹೆಂಗಸರು ಕೂತಿದ್ದ ಕಡೆ ನಡೆದಳು.