ಎರಡನೇ ಮಹಡಿಯ ತರಗತಿ

ಚಿಕ್ಕಬಾಣಾವರದ ಮುನಿರಾಮಯ್ಯನಿಗೆ ಐವತ್ತನಾಲ್ಕು ವರ್ಷ. ಬೆಳಿಗ್ಗೆ ಮಗ ಬಾಲರಾಜನ್ನ ಬೆನ್ನ ಮೇಲೆ ಹೊತ್ತು ಕಾಲೇಜಿನ ಎರಡನೇ ಮಹಡಿ ಹತ್ತಿಸಬೇಕು. ವೀಲ್‌ಚೇರ್ ಮೆಟ್ಟಿಲ ಬುಡದಲ್ಲೇ ಉಳಿಯುತ್ತಿತ್ತು. ಮಧ್ಯಾಹ್ನ ಒಂದಕ್ಕೆ ಮತ್ತೆ ಹೊತ್ತು ಇಳಿಸಬೇಕು. ಮಗನ್ನ ಮನೆಗೆ ಬಿಟ್ಟು ಪೀಣ್ಯದ ಕಾರ್ಖಾನೆಗೆ ಓಡಬೇಕು, ಸೆಕೆಂಡ್ ಶಿಫ್ಟಿಗೆ. ಪಾಠ ನಡೆಯುವ ಹೊತ್ತೆಲ್ಲ ಕಾಲೇಜಿನ ಕಾಂಪೌಂಡಿಗೆ ಒರಗಿ ತೂಕಡಿಸೋದು.

ಬಾಲರಾಜನಿಗೆ ಹುಟ್ಟಿದಾಗಿಂದ ಕಾಲಲ್ಲಿ ಬಲವಿಲ್ಲ. ಬೆರಳೂ ಬಿಗಿ, ಬರೆಯೋದು ನಿಧಾನ. ಆದರೆ ಚರಿತ್ರೆ ಅಂದರೆ ಅವನಿಗೆ ಪ್ರಾಣ. ಬಿ.ಎ. ಸೇರಿ ಒಂದು ವರ್ಷ ಆಗಿತ್ತು.

2018ರ ಜುಲೈ. ಮೊದಲ ಮಹಡಿಯ ತಿರುವಿನಲ್ಲಿ ಮುನಿರಾಮಯ್ಯನ ಮಂಡಿ ಕೈಕೊಟ್ಟಿತು. ಅಪ್ಪ ಮಗ ಇಬ್ಬರೂ ಬಿದ್ದರು. ಹುಡುಗರು ಓಡಿಬಂದು ಎತ್ತಿದರು. ಬಾಲರಾಜನ ಮೊಣಕೈ ತರಚಿತ್ತು.

ಮನೆಗೆ ಬಂದ ಮೇಲೆ ಬಾಲರಾಜ ಹೇಳಿದ, "ಅಪ್ಪ, ಸಾಕು. ನಾನಿನ್ನು ಓಗಲ್ಲ. ನಿನ್ ಬೆನ್ನು ಮುರ್ದು ನಾನು ಓದೋದು ಬ್ಯಾಡ."

ಮುನಿರಾಮಯ್ಯ ಓದು ಬಿಡಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗಾಯ್ತು. ಹಾಗೆ ಆಗಿದ್ದಕ್ಕೇ ಅವನಿಗೆ ನಾಚಿಕೆಯಾಯಿತು.

ಮರುದಿನ ಒಬ್ಬನೇ ಟಿ.ಸಿ. ತರಲು ಹೋದ. ಆಫೀಸಿನ ಕಿಟಕಿ ಮುಂದೆ ನಿಂತಿದ್ದಾಗ ಲೈಬ್ರರಿಯ ಗೌಹರ್ ಮೇಡಂ ಬಂದರು. ಅವರ ಎರಡೂ ಕಿವಿಯಲ್ಲಿ ಮಷಿನ್.

"ಏನ್ ಯಜಮಾನ್ರೇ, ಮಗ ಎಲ್ಲಿ? ನನ್ ಕಡೆ ತಿರುಗಿ ಹೇಳಿ, ತುಟಿ ಕಾಣ್ಬೇಕು."

"ಬಿಡಿಸ್ತಿದೀನಿ ಮೇಡಂ. ಇನ್ನು ಬೆನ್ ಮ್ಯಾಲೆ ಒರಕ್ಕಾಗಲ್ಲ."

"ಕ್ಲಾಸನ್ನೇ ಕೆಳಗೆ ಹಾಕಿ ಅಂತ ಕೇಳಿದ್ರಾ?"

ಮುನಿರಾಮಯ್ಯ ಅವರ ಮುಖವನ್ನೇ ನೋಡಿದ. ಅಂಥಾ ಮಾತು ಅವನ ತಲೆಗೇ ಬಂದಿರಲಿಲ್ಲ. "ಒಬ್ಬನ್ಗೋಸ್ಕರ ಅರವತ್ತು ಜನ ಇಳೀತಾರಾ? ಸೇರಿಸ್ಕೊಂಡಿದ್ದೇ ಅವರ ದೊಡ್ಡತನ."

"ಅರವತ್ತು ಜನಕ್ಕೂ ಕಾಲಿದೆ, ಇಳೀತಾರೆ. ವಿಕಲಚೇತನರ ಹಕ್ಕುಗಳ ಕಾನೂನು 2016ರಲ್ಲೇ ಬಂದಿದೆ ಕಣ್ರೀ. ಓದೋಕೆ ಬೇಕಾದ ಅನುಕೂಲ ಕಾಲೇಜು ಮಾಡಿಕೊಡ್ಬೇಕು. ಪರೀಕ್ಷೆ ಬರೆಯೋಕೆ ಜೊತೆಗಾರರನ್ನ ಕೊಡ್ತಾರೆ. ಗಂಟೆಗೆ ಇಪ್ಪತ್ತು ನಿಮಿಷ ಜಾಸ್ತಿ ಟೈಮೂ ಇದೆ."

"ಕಾನೂನು ಪೇಪರ್ನಾಗೆ ಇರ್ತದೆ ತಾಯಿ. ನಂಗೆ ಸುಸ್ತಾಗ್ಬುಟ್ಟದೆ."

"ಗೊತ್ತು," ಅಂದರು ಗೌಹರ್. "ನಾನು ಡಿಗ್ರಿ ಓದುವಾಗ ಮೇಷ್ಟ್ರು ಬೋರ್ಡ್ ಕಡೆ ತಿರುಗಿದ್ರೆ ಅಷ್ಟು ಪಾಠ ಹೋಯ್ತು. ಮೂರು ವರ್ಷ ಬಾಯಿ ಬಿಡ್ಲಿಲ್ಲ. ಇವತ್ತು ಅರ್ಜಿ ನಾನು ಬರೀತೀನಿ. ನೀವು ಮಗನ ಸಹಿ ಹಾಕಿಸಿ, ಅವನ ವಿಕಲಚೇತನ ಸರ್ಟಿಫಿಕೇಟಿನ ಜೆರಾಕ್ಸ್ ತನ್ನಿ. ಅರ್ಜಿಯ ಒಂದು ಪ್ರತಿಗೆ ಆಫೀಸಿನ ಸೀಲ್ ಹಾಕಿಸಿಕೊಂಡು ಮನೇಲಿ ಇಟ್ಕೊಳ್ಳಿ."

ಪ್ರಿನ್ಸಿಪಾಲರು ಅರ್ಜಿ ಓದಿ, "ಮೊದಲೇ ಹೇಳಬಾರದಾಗಿತ್ತಾ?" ಅಂದರು. ಒಂದು ವರ್ಷ ನಿಮ್ಮ ಬಾಗಿಲ ಮುಂದೆಯೇ ಹೊತ್ಕೊಂಡು ಹೋದೆನಲ್ಲ ಸ್ವಾಮಿ, ಅನ್ನಬೇಕು ಅನ್ನಿಸಿತು ಮುನಿರಾಮಯ್ಯನಿಗೆ. ಜಗಳಕ್ಕೂ ಶಕ್ತಿ ಉಳಿದಿರಲಿಲ್ಲ. ಕೈಮುಗಿದು, ಸೀಲ್ ಬಿದ್ದ ಪ್ರತಿ ತೆಗೆದುಕೊಂಡು ಬಂದ.

ಎಲ್ಲ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಹದಿನೈದು ದಿನಕ್ಕೆ ತರಗತಿ ಕೆಳಗೆ ಬಂತು. ವೀಲ್‌ಚೇರ್ ಹತ್ತಲೆಂದು ಬಾಗಿಲಲ್ಲಿ ಕಟ್ಟಿಸಿದ ಇಳಿಜಾರು ಎಷ್ಟು ಕಡಿದಾಗಿತ್ತೆಂದರೆ ಕುರ್ಚಿ ಹಿಂದಕ್ಕೇ ಉರುಳುತ್ತಿತ್ತು. ಅದನ್ನು ಒಡೆದು, ಬಾಲರಾಜನ್ನೇ ಕೂರಿಸಿ ನೋಡಿ, ಮತ್ತೆ ಕಟ್ಟಿದರು. ಶೌಚಾಲಯದ ಬಾಗಿಲು ಅಗಲ ಮಾಡಿಸಲು ಗೌಹರ್ ಮೇಡಂ ದೀಪಾವಳಿವರೆಗೂ ಓಡಾಡಿದರು.

ಆ ನಡುವೆ ಬಾಲರಾಜನ ತರಗತಿಯ ಶಶಿರೇಖಾ ಲೈಬ್ರರಿಗೆ ಬಂದು ಮೆಲ್ಲಗೆ ಕೇಳಿದಳು, "ಮೇಡಂ, ನಂಗೆ ಬೋರ್ಡ್ ಮೇಲಿನ ಅಕ್ಷರ ಕಾಣಲ್ಲ. ಪ್ರಶ್ನೆಪತ್ರಿಕೆ ದೊಡ್ಡಕ್ಷರದಲ್ಲಿ ಕೊಡ್ತಾರಾ? ನಾನೂ ಅರ್ಜಿ ಹಾಕ್ಬೋದಾ?" ಒಂದು ವರ್ಷದಿಂದ ಅವಳು ಯಾರಿಗೂ ಹೇಳಿರಲಿಲ್ಲ.

ಡಿಸೆಂಬರಿನ ಪರೀಕ್ಷೆಯಲ್ಲಿ ಬಾಲರಾಜ ಉತ್ತರ ಹೇಳಿದ, ಜೊತೆಗಾರ ಬರೆದ. ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ. ಇಂಗ್ಲಿಷ್ ಉಳಿಯಿತು, ಮಿಕ್ಕಿದ್ದೆಲ್ಲ ಪಾಸು. ಚರಿತ್ರೆಯಲ್ಲಿ ಎಪ್ಪತ್ತೆಂಟು.

"ಇಂಗ್ಲಿಷ್ ಮತ್ತೆ ಕಟ್ತೀನಪ್ಪ," ಅಂದ.

"ಕಟ್ಟು ಮಗಾ," ಅಂದ ಮುನಿರಾಮಯ್ಯ. ಈ ಸಲ ಮಾತು ಬಾಯಲ್ಲೇ ಉಳಿಯಲಿಲ್ಲ.

ಓದುವವರೇ, ಕೇಳುವವರೇ, ನಿಮ್ಮ ಬೀದಿಯಲ್ಲೂ ನಡೆಯಲಾಗದೆ, ಕಾಣದೆ, ಕೇಳಿಸದೆ, ಅಕ್ಷರ ಹಿಡಿಯಲಾಗದೆ ಓದು ಬಿಡಲು ಹೊರಟ ಮಕ್ಕಳು ಇರಬಹುದು. ಟಿ.ಸಿ. ತರುವ ಮುಂಚೆ ಒಂದು ಅರ್ಜಿ ಬರೆಸಿ. ನಿಮಗೆ ಬರೆಯಲು ಬರದಿದ್ದರೆ ಬಲ್ಲವರನ್ನು ಕೇಳಿ, ನಾಚಿಕೆ ಬೇಡ. ಕಾಲೇಜಿನ ಮೇಷ್ಟ್ರುಗಳೇ, ನೀವು ಅರ್ಜಿಗೆ ಕಾಯಬೇಡಿ. ಬಾಗಿಲ ಮುಂದೆ ಯಾರು ಏದುಸಿರು ಬಿಡುತ್ತಾ ಹೋಗುತ್ತಿದ್ದಾರೆ, ಎದ್ದು ಬಂದು ನೋಡಿ.